ಗೋಡೆಯ ಹಿಂದಿನ ಖರ್ಚು

ಮನೆಯೊಂದು ಚಕ್ರಗಳ ಮೇಲೆ ಕುಳಿತು ಊರೂರು ಅಲೆಯುವುದನ್ನು ನಾನು ಕಂಡದ್ದು ಅಮೆರಿಕದಲ್ಲಿ, ಅಕ್ಕನ ಮನೆಗೆ ಹೋದಾಗ. ಚಳಿಗಾಲದ ರಜೆಯಲ್ಲಿ ಭಾವನವರು ಅಂಥದೊಂದು ಬಂಡಿಯನ್ನು ಬಾಡಿಗೆಗೆ ಪಡೆದು, ತಂದೆಯವರನ್ನೂ ನನ್ನನ್ನೂ ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಗೆ ಕರೆದೊಯ್ದರು. ಅಲ್ಲಿ ವಿದ್ಯುತ್ ಕಂಬವಿಲ್ಲ. ನಮಗಿದ್ದುದು 12 ವೋಲ್ಟಿನ, 100 ಆಂಪಿಯರ್-ಗಂಟೆಯ ಹಳೆಯ ಸೀಸ-ಆಮ್ಲದ ಬ್ಯಾಟರಿ. ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಮೀರಿದರೆ ಅದರ ಆಯುಸ್ಸು ಕುಗ್ಗುತ್ತದೆ.

ಭಾವನವರು ಲೆಕ್ಕ ಬರೆದರು. ನಿದ್ದೆಯಲ್ಲಿ ಉಸಿರು ಕಟ್ಟದಂತೆ ತಂದೆಯವರು ಬಳಸುವ ಯಂತ್ರಕ್ಕೆ 4 ಆಂಪಿಯರಿನಂತೆ 8 ಗಂಟೆಗೆ 32. ದೀಪಕ್ಕೂ ನೀರಿನ ಪಂಪಿಗೂ 6. "ಇನ್ನೂ ಹನ್ನೆರಡು ಉಳಿತಾಯ!" ಎಂದು ನಕ್ಕರು.

ಬೆಳಗಿನ ಜಾವ ಯಂತ್ರ ನಿಂತಿತು. ತಂದೆಯವರು ಏದುಸಿರು ಬಿಡುತ್ತ ಎದ್ದು ಕುಳಿತರು. ಬಂಡಿಯನ್ನು ಬೆಚ್ಚಗಿಡುವ ಒಲೆಯೇನೋ ಅನಿಲದ್ದು. ಆದರೆ ಗೋಡೆಯ ಹಿಂದೆ ಅಡಗಿ ಬಿಸಿಗಾಳಿಯನ್ನು ಊದುವ ಫ್ಯಾನು ಬ್ಯಾಟರಿಯದು. 7 ಆಂಪಿಯರಿನಂತೆ ಅದು 5 ಗಂಟೆ ತಿರುಗಿ, ಯಾರೂ ಬರೆಯದ 35ನ್ನು ನುಂಗಿತ್ತು. ಭಾವನವರು ನಡುಗುವ ಕೈಯಿಂದ ಎಂಜಿನ್ ಚಾಲೂ ಮಾಡಿದ ಮೇಲೆಯೇ ಯಂತ್ರ ಮತ್ತೆ ಉಸಿರಾಡಿತು, ನಾವೂ.

ತಂದೆಯವರು ನಿವೃತ್ತ ಲೆಕ್ಕಿಗರು. "ಕಣ್ಣಿಗೆ ಕಾಣುವ ಖರ್ಚನ್ನು ಎಲ್ಲರೂ ಬರೆಯುತ್ತಾರೆ, ಅಳಿಯಂದಿರೇ, ಮನೆ ಮುಳುಗಿಸುವುದು ಕಾಣದ್ದು" ಎಂದಷ್ಟೇ ಹೇಳಿ ಕಾಫಿ ಕೇಳಿದರು.

ಹಗಲ ಪ್ರಯಾಣದಲ್ಲಿ ಬ್ಯಾಟರಿ ತುಂಬಿತು. ಆ ರಾತ್ರಿ ಒಲೆ ಆರಿಸಿ, ಎರಡೆರಡು ಕಂಬಳಿ ಹೊದ್ದು ಎಲ್ಲರೂ ಮಲಗಿದರು. ನಾನೊಬ್ಬನೇ ಬಹಳ ಹೊತ್ತು ಯಂತ್ರದ ಸದ್ದನ್ನು ಆಲಿಸುತ್ತ ಎಚ್ಚರವಿದ್ದೆ.