ಸೋಲುವವನಿಗೇ ಟಿಕೆಟ್ಟು

ನಮ್ಮ ಹೆಗಡೆಕಟ್ಟಾ ಕಡೆ ‘ಆಟ’ ಎಂದರೆ ಕ್ರಿಕೆಟ್ ಅಲ್ಲ, ಯಕ್ಷಗಾನ. ಅದರಲ್ಲಿ ಎರಡು ಬಗೆ. ಹರಕೆಯ ಬಯಲಾಟವಾದರೆ ಯಾರು ಬೇಕಾದರೂ ಬಂದು ಕೂರಬಹುದು. ಡೇರೆ ಆಟವಾದರೆ ಗೇಟಿದೆ, ಗೇಟಿನಲ್ಲಿ ಟಿಕೆಟ್ಟಿದೆ. ನನ್ನ ಪಿಎಚ್.ಡಿ. ಈ ಎರಡನೆಯದರ ಲೆಕ್ಕಾಚಾರದ ಮೇಲೆ. ಒಬ್ಬ ವೇಷಧಾರಿಯ ಹೆಸರಿಗೆ ಜನ ಗಂಟು ಬಿಚ್ಚುತ್ತಾರೆ. ಅವನಷ್ಟೇ ಚೆನ್ನಾಗಿ ಕುಣಿಯುವ ಇನ್ನೊಬ್ಬನ ಹೆಸರಿಗೆ ಬಿಚ್ಚುವುದಿಲ್ಲ. ಯಾಕೆ? ಇದಕ್ಕೆ ಉತ್ತರ ಹುಡುಕುತ್ತ ನಾನು ಹೋಗಿ ಬಿದ್ದದ್ದು ಬಾಕ್ಸಿಂಗ್ ರಿಂಗಿನಲ್ಲಿ.

ಅಮೆರಿಕದಲ್ಲಿ ದೊಡ್ಡ ಬಾಕ್ಸಿಂಗ್ ಪಂದ್ಯಗಳನ್ನು ‘ಪೇ ಪರ್ ವ್ಯೂ’ ಎಂದು ಮಾರುತ್ತಾರೆ. ಟಿವಿಗೆ ತಿಂಗಳ ಚಂದಾ ಕಟ್ಟಿದ್ದರೂ ಆ ಒಂದು ರಾತ್ರಿಗೆ ಬೇರೆಯೇ ದುಡ್ಡು. ಒಂದು ಬಗೆಯಲ್ಲಿ ಅದು ಮನೆಯೊಳಗಿನ ಡೇರೆ. ಅದರಲ್ಲಿ ಹೆವಿವೇಟ್ ಎಂದರೆ ಸುಮಾರು 91 ಕಿಲೋ ಮೀರಿದವರು, ಒಂದೇ ಏಟಿಗೆ ಎಲ್ಲ ಮುಗಿಸಬಲ್ಲವರು. ಆದರೂ ಚಾಂಪಿಯನ್ ಆದವರೆಲ್ಲ ಹೀಗೆ ಮಾರಾಟವಾಗುವುದಿಲ್ಲ.

ವಾಲ್ಟರ್ ನೀಲ್ ಎಂಬ ಅರ್ಥಶಾಸ್ತ್ರಜ್ಞ 1964ರಲ್ಲೇ ಇದರ ಒಂದು ತುದಿಯನ್ನು ಹಿಡಿದಿದ್ದ. ಅಂಗಡಿಯವನಿಗೆ ಎದುರಂಗಡಿ ಮುಚ್ಚಿದರೆ ಲಾಭ. ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್‌ಗೆ ಹಾಗಲ್ಲ, ಸರಿಸಮ ಎದುರಾಳಿ ಇಲ್ಲದಿದ್ದರೆ ಅವನಿಗೆ ದುಡಿಮೆಯೇ ಇಲ್ಲ. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ 1936ರಲ್ಲಿ ಲೂಯಿಸ್‌ನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದ್ದ. ಅದಕ್ಕೇ 1938ರ ಮರುಪಂದ್ಯಕ್ಕೆ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ 70 ಸಾವಿರದಷ್ಟು ಜನ ಸೇರಿದ್ದು. ಒಂದು ಕಡೆ ಹಿಟ್ಲರನ ಜರ್ಮನಿಯವನು, ಇನ್ನೊಂದು ಕಡೆ ಅಮೆರಿಕದ ಕರಿಯ. ಲೂಯಿಸ್ ಮೊದಲ ಸುತ್ತಿನಲ್ಲೇ, ಬರೀ 124 ಸೆಕೆಂಡಿನಲ್ಲಿ ಮುಗಿಸಿದ.

ಎದುರು ವೇಷ ಸರಿ ಇಲ್ಲದಿದ್ದರೆ ಆಟ ಏಳುವುದಿಲ್ಲ ಎಂಬುದು ನಮ್ಮೂರಿನವರಿಗೆ ನೀಲ್ ಹೇಳಬೇಕಾದ ಮಾತೇನಲ್ಲ. ಮೋಹಿನಿ ಸಪ್ಪೆಯಾದರೆ ಭಸ್ಮಾಸುರ ಎಷ್ಟು ಕುಣಿದರೂ ವ್ಯರ್ಥ. ಆದರೆ ನೀಲ್‌ನ ಲೆಕ್ಕಕ್ಕೆ ಯಾರು ಗೆಲ್ಲುತ್ತಾರೆ ಎಂಬ ಅನುಮಾನ ಬೇಕು, ನಾನು ತಡವರಿಸಿದ್ದು ಅಲ್ಲಿ. ಭಸ್ಮಾಸುರ ಸಾಯುತ್ತಾನೆ ಎಂಬುದು ತೊಡೆಯ ಮೇಲೆ ಮಲಗಿದ ಮಗುವಿಗೂ ಗೊತ್ತು. ನಿನ್ನೆ ಸತ್ತಿದ್ದಾನೆ, ನಾಳೆ ಇನ್ನೊಂದು ಊರಿನಲ್ಲಿ ಸಾಯುತ್ತಾನೆ. ಆದರೂ ಡೇರೆ ತುಂಬುತ್ತದೆ.

ಬಾಕ್ಸಿಂಗಿನಲ್ಲೂ ಇಂಥದ್ದು ಸಿಕ್ಕಿತು. ಅತ್ಯಾಚಾರದ ಅಪರಾಧಕ್ಕೆ ಮೂರು ವರ್ಷ ಜೈಲಿನಲ್ಲಿದ್ದ ಮೈಕ್ ಟೈಸನ್ 1995ರ ಮಾರ್ಚ್‌ನಲ್ಲಿ ಹೊರಬಂದ. ಆಗಸ್ಟ್‌ನಲ್ಲಿ ಅವನೆದುರು ನಿಂತ ಪೀಟರ್ ಮೆಕ್‌ನೀಲಿ ಗೆಲ್ಲುತ್ತಾನೆ ಎಂದುಕೊಂಡವರು ಇದ್ದರೆ ಬೆರಳೆಣಿಕೆಯಷ್ಟು. ಪಂದ್ಯ ನಡೆದದ್ದು 89 ಸೆಕೆಂಡು. ಮೆಕ್‌ನೀಲಿಯ ತರಬೇತುದಾರನೇ ರಿಂಗಿಗೆ ನುಗ್ಗಿ ಬಿಡಿಸಿಕೊಂಡ. ಅಷ್ಟನ್ನು ದುಡ್ಡು ಕೊಟ್ಟು ನೋಡಿದ ಮನೆಗಳು 15 ಲಕ್ಷಕ್ಕೂ ಹೆಚ್ಚು. ಜೈಲಿನಿಂದ ಟೈಸನ್ನನ ಬೆಲೆ ಇಳಿಯಲಿಲ್ಲ, ಏರಿತು. ಈ ಸಾಲು ಟೈಪ್ ಮಾಡುವಾಗ ನನಗೆ ಪ್ರತಿಸಲವೂ ಕಸಿವಿಸಿಯಾಗುತ್ತದೆ. ಆ ಹೆಣ್ಣಿನ ನೋವೂ ಪೋಸ್ಟರಿನ ಬಣ್ಣವಾಯಿತಲ್ಲ ಎಂದು. ಆದರೆ ಲೆಕ್ಕ ಲೆಕ್ಕವೇ.

ನನ್ನ ದೊಡ್ಡಪ್ಪ ಒಂದು ಕಾಲಕ್ಕೆ ಡೇರೆ ಆಟದ ಕಂಟ್ರಾಕ್ಟು ಹಿಡಿಯುತ್ತಿದ್ದ. ಮೇಳಕ್ಕೆ ಇಷ್ಟು ಎಂದು ಮಾತಾಡಿ ಕೊಟ್ಟುಬಿಡುವುದು, ಗೇಟಿನಲ್ಲಿ ಬಂದದ್ದು ತನ್ನದು, ಬಾರದಿದ್ದರೂ ತನ್ನದೇ. ಅವನ ಹಳೆಯ ನೋಟುಪುಸ್ತಕ ನನ್ನ ಹತ್ತಿರ ಇದೆ. ಅದರಲ್ಲಿ ಪ್ರಸಂಗದ ಹೆಸರು ಅಪರೂಪ. ಪ್ರತಿ ತಾರೀಖಿನ ಮುಂದೆ ಇರುವುದು ಒಬ್ಬ ಮನುಷ್ಯನ ಹೆಸರು. ಒಂದು ತಾರೀಖಿನ ಮುಂದೆ ಮಾತ್ರ ‘ಬರಲಿಲ್ಲ’ ಎಂದಷ್ಟೇ ಇದೆ. ಆ ದಿನ ಹ್ಯಾಂಡ್‌ಬಿಲ್ಲಿನಲ್ಲಿ ಫೋಟೋ ಇದ್ದ ಕಲಾವಿದ ಬರಲಿಲ್ಲ. ಅದೇ ಮೇಳ, ಅದೇ ಪ್ರಸಂಗ, ಅದೇ ಭಾಗವತರು. ಬದಲಿಗೆ ವೇಷ ಕಟ್ಟಿದ ಹುಡುಗ ಜೀವ ಬಿಟ್ಟು ಕುಣಿದನಂತೆ. ಜನ ಮಾತ್ರ ಗೇಟಿಗೆ ಬಂದು ದುಡ್ಡು ವಾಪಸು ಕೇಳಿದರು. ದೊಡ್ಡಪ್ಪ ಕೊಟ್ಟ. ಆ ವರ್ಷದ ಅಡಿಕೆ ಕೊನೆಗೊಯ್ಲಿಗೆ ಮೊದಲೇ ಸಾಲಕ್ಕೆ ಹೋಯಿತು. ಅಣ್ಣನ ಕಾಲೇಜು ಒಂದು ವರ್ಷ ನಿಂತಿತು. ಆ ರಾತ್ರಿ ಜನ ಕೊಂಡದ್ದು ಕುಣಿತವನ್ನಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಆ ಒಂದು ಶಬ್ದ.

ಹಾಗಾದರೆ ಕೊಂಡದ್ದೇನು? “ಅಂವ ಗೆಲ್ತಾ ಅಂತ ನೋಡಲೆ ಹೋಗದಲ್ಲ ಮಾರಾಯಾ, ಹ್ಯಾಂಗೆ ಸಾಯ್ತಾ ಅಂತ ನೋಡಲೆ ಹೋಗದು,” ಎಂದ ದೊಡ್ಡಪ್ಪ, ಕವಳ ಹಾಕುತ್ತ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೆಸರು ಮಾಡಿದ ವೇಷಗಳನ್ನೇ ನೋಡಿ: ಭಸ್ಮಾಸುರ, ಕೀಚಕ, ದುಷ್ಟಬುದ್ಧಿ. ಎಲ್ಲರೂ ಮೆರೆದು ಸೋಲುವವರು. ಚಿಟ್ಟಾಣಿಯವರದು ಅತಿಯಾಯಿತು ಎಂದು ಮೂಗು ಮುರಿಯುವವರು ನಮ್ಮೂರಿನಲ್ಲೂ ಇದ್ದರು. ಅವರೂ ಟಿಕೆಟ್ ತೆಗೆದುಕೊಂಡೇ ಒಳಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ಬೆಳಗಿನವರೆಗೆ ನೋಡಿ ಆಮೇಲೆ ಮೂಗು ಮುರಿಯುತ್ತಿದ್ದರು. ಗೇಟಿನ ಲೆಕ್ಕದಲ್ಲಿ ಮೆಚ್ಚಿದವನ ರೂಪಾಯಿ, ಮೆಚ್ಚದವನ ರೂಪಾಯಿ ಎಂದು ಬೇರೆ ಬೇರೆ ಕಾಲಮ್ಮು ಇಲ್ಲ. ಮುಹಮ್ಮದ್ ಅಲಿ ಇದನ್ನು ಇಪ್ಪತ್ತರೊಳಗೇ ಕಲಿತಿದ್ದ. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಗಾರ್ಜಿಯಸ್ ಜಾರ್ಜ್ ಎಂಬ ಜಂಬದ ಕುಸ್ತಿಪಟುವನ್ನು ಕಂಡ ಮೇಲೆ, ತನ್ನ ಬಾಯಿ ಮುಚ್ಚಿಸುವುದನ್ನು ನೋಡಲಿಕ್ಕೂ ಜನ ದುಡ್ಡು ಕೊಡುತ್ತಾರೆ ಎಂಬುದು ಅವನಿಗೆ ಹೊಳೆಯಿತು.

ಇದಕ್ಕೆ ತಿರುಗುಮುರುಗಾದವನು ಉಕ್ರೇನಿನ ವ್ಲಾದಿಮಿರ್ ಕ್ಲಿಚ್ಕೊ. 2006ರಿಂದ 2015ರವರೆಗೆ ಚಾಂಪಿಯನ್. ಎಡಗೈ ಚಾಚಿ ಎದುರಾಳಿಯನ್ನು ದೂರವೇ ಇಟ್ಟು, ಒಂದು ಗುಲಗಂಜಿಯಷ್ಟೂ ಅಪಾಯ ಮೈಮೇಲೆ ಎಳೆದುಕೊಳ್ಳದೆ ಗೆಲ್ಲುತ್ತಿದ್ದ. ಜರ್ಮನಿಯಲ್ಲಿ ಅವನಿಗೆ ಸ್ಟೇಡಿಯಂ ತುಂಬುತ್ತಿತ್ತು, ಅಮೆರಿಕದವರು ಅವನ ಹೆಸರಿಗೆ ಬೇರೆ ದುಡ್ಡು ಕೊಡಲಿಲ್ಲ. 2017ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ 90 ಸಾವಿರ ಜನರೆದುರು ಆಂಟನಿ ಜೋಶುವಾನನ್ನು ಒಮ್ಮೆ ಕೆಡವಿ, ತಾನೂ ಬಿದ್ದು, ಎದ್ದು, ಹನ್ನೊಂದನೆಯ ಸುತ್ತಿನಲ್ಲಿ ಸೋತನಲ್ಲ, ನನಗಂತೂ ಅವನು ವೇಷಧಾರಿಯಾಗಿ ಕಂಡದ್ದು ಅಂದೇ. ವಯಸ್ಸು ಆಗ 41.

ನಾನು ನೋಡಿದ್ದು ಕೊನೆಯ ವರ್ಷಗಳ ಚಿಟ್ಟಾಣಿಯವರನ್ನು. ಎಂಬತ್ತು ದಾಟಿದ ಮೇಲೂ ಅವರು ಗೆಜ್ಜೆ ಕಟ್ಟಿದರು; ತೀರಿಕೊಂಡದ್ದು 2017ರ ಅಕ್ಟೋಬರ್‌ನಲ್ಲಿ, 84ಕ್ಕೆ. ಅವರು ಪ್ರವೇಶಕ್ಕೆ ಬಂದಾಗ ಸುತ್ತಲಿನವರು ಉಸಿರು ಬಿಗಿಹಿಡಿದದ್ದು ಕಲೆಗೋ, ಎಲ್ಲಿ ಮುಗ್ಗರಿಸುತ್ತಾರೋ ಎಂಬ ಆತಂಕಕ್ಕೋ ನಾನು ಹೇಳಲಾರೆ. ಯಕ್ಷಗಾನದಲ್ಲಿ ಪುಣ್ಯಕ್ಕೆ ಯಾರೂ ನಿಜವಾಗಿ ಹೊಡೆಯುವುದಿಲ್ಲ. ಅಲಿಗೆ ಹೊಡೆದರು. 1980ರಲ್ಲಿ, 38ರ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್‌ನ ಎದುರು ಹತ್ತು ಸುತ್ತು ಬರೀ ಏಟು ತಿಂದ. ಅವನ ಕಡೆಯವರೇ ನಿಲ್ಲಿಸಬೇಕಾಯಿತು. ಮುಂದೆ ನಡುಗುವ ಕೈಯ ಅಲಿಯನ್ನು ಲೋಕವೆಲ್ಲ ಕಂಡಿತು. ಆ ಏಟುಗಳಿಗೂ ಟಿಕೆಟ್ಟಿತ್ತು.

2024ರ ನವೆಂಬರ್ 16ರ ಬೆಳಿಗ್ಗೆ 58 ವರ್ಷದ ಟೈಸನ್, ತನ್ನ ಅರ್ಧ ವಯಸ್ಸೂ ಆಗದ ಯೂಟ್ಯೂಬರ್ ಜೇಕ್ ಪಾಲ್‌ನೆದುರು ಇಳಿದ. ಈ ಸಲ ಬಿಡಿ ಟಿಕೆಟ್ಟಿಲ್ಲ, ನೆಟ್‌ಫ್ಲಿಕ್ಸ್ ಚಂದಾ ಇದ್ದರೆ ಸಾಕು. ಜಗಲಿಯಲ್ಲಿ ನೆಟ್‌ವರ್ಕ್ ಸಿಗುವ ಮೂಲೆ ಒಂದೇ. ಅಲ್ಲಿ ನಾನೂ ದೊಡ್ಡಪ್ಪನೂ ಫೋನಿಗೆ ತಲೆ ಹಚ್ಚಿ ಕೂತೆವು. ಚಿತ್ರ ನಿಂತು ನಿಂತು ಬರುತ್ತಿತ್ತು. ಅತ್ತ ಟೆಕ್ಸಾಸ್‌ನ ಸ್ಟೇಡಿಯಂನಲ್ಲಿ 70 ಸಾವಿರಕ್ಕೂ ಹೆಚ್ಚು ಜನ. ಮೂರನೆಯ ಸುತ್ತು ಮುಗಿಯುವಷ್ಟರಲ್ಲಿ ಟೈಸನ್ನನ ಕಾಲು ಸೋತಿತ್ತು. ಆಮೇಲೆ ಅವನು ಹೊಡೆದದ್ದಕ್ಕಿಂತ ತನ್ನ ಗ್ಲೌಸು ಕಚ್ಚಿದ್ದೇ ಹೆಚ್ಚು. ಎಂಟೂ ಸುತ್ತು ಮುಗಿಸಿ, ಅಂಕದ ಮೇಲೆ ಸೋತ.

ನನಗೆ ನೋಡಲಾಗಲಿಲ್ಲ. ದೊಡ್ಡಪ್ಪ ಮಾತ್ರ ಕಣ್ಣು ಕೀಲಿಸಿ ನೋಡಿದ. ಫೋನು ನನ್ನ ಕೈಗಿತ್ತು, ಅಂಗಳಕ್ಕೆ ಹೋಗಿ ಕವಳ ಉಗಿದು ಬಂದು ಹೇಳಿದ:

“ಇಂವನ ಮೇಲೆ ಇನ್ನೂ ಒಂದು ಆಟ ಮಾಡ್ಲಕ್ಕು.”