ಬಿಚ್ಚುವ ಮೊದಲು

ಟಿಲ್ಲರ್ ಕೈಕೊಟ್ಟರೆ ಮಲೆನಾಡಿನ ರಸ್ತೆಯಲ್ಲಿ ಸಲಹೆಗೆ ಬರಗಾಲವಿಲ್ಲ. ಡೇರಿಗೆ ಹಾಲು ಹಾಕಲು ಹೊರಟವರು ‘ಡೀಸೆಲ್ ಲೈನಿಗೆ ಗಾಳಿ ಹೊಕ್ಕಿದೆ’ ಅನ್ನುತ್ತಾರೆ. ಬೈಕು ನಿಲ್ಲಿಸಿದ ಹುಡುಗ ಹೆಲ್ಮೆಟ್ಟನ್ನೂ ತೆಗೆಯದೆ ‘ಪಂಪು ಹೋಯ್ತು ಬಿಡಿ’ ಎಂದು ತೀರ್ಪು ಕೊಡುತ್ತಾನೆ. ಹೊಗೆ ಯಾವ ಬಣ್ಣದ್ದಿತ್ತು ಎಂದು ಕೇಳುವ ವ್ಯವಧಾನ ಮಾತ್ರ ಯಾರಿಗೂ ಇಲ್ಲ.

ಜಪಾನಿನ ಸಣ್ಣ ಹಿಡುವಳಿಗಳಲ್ಲಿ ಬೆಳೆದ ಈ ಎರಡು ಗಾಲಿಯ ಯಂತ್ರ 1960ರ ದಶಕದಲ್ಲಿ ಅಲ್ಲಿಯ ತಂತ್ರಜ್ಞಾನದೊಂದಿಗೇ ನಮ್ಮಲ್ಲೂ, ಬೆಂಗಳೂರಿನಲ್ಲೂ ತಯಾರಾಗತೊಡಗಿತು. ದೊಡ್ಡ ಟ್ರ್ಯಾಕ್ಟರ್ ತಿರುಗಲಾರದ ಗದ್ದೆ, ಅಡಿಕೆ ತೋಟದ ಇಕ್ಕಟ್ಟು, ಎರಡಕ್ಕೂ ಒಗ್ಗಿತು. ಹಿಂದೊಂದು ಟ್ರೈಲರ್ ಸಿಕ್ಕಿಸಿದರೆ ಗೊಬ್ಬರ, ಸೊಪ್ಪು, ಅಡಿಕೆ ಗೊನೆ, ಮದುವೆ ಮನೆಯ ಕಡಾಯಿ, ಯಕ್ಷಗಾನಕ್ಕೆ ಹೊರಟ ಅರ್ಧ ಕೇರಿ. ಇಷ್ಟನ್ನೂ ಎಳೆಯುವುದು ಒಂದೇ ಒಂದು ಸಿಲಿಂಡರ್. ಸಾಮಾನ್ಯವಾಗಿ ಸಿಗುವ 13 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅದರ ಅಗಲ 95 ಮಿ.ಮೀ., ಪಿಸ್ಟನ್ ಓಡಾಡುವ ದೂರವೂ 95 ಮಿ.ಮೀ. ಲೆಕ್ಕ ಹಾಕಿದರೆ ಮುಕ್ಕಾಲು ಲೀಟರಿಗೂ ಕಡಿಮೆ ಜಾಗ.

ನಮ್ಮದು ಪೂರ್ತಿ ನಿಂತಿದ್ದರೆ ಚೆನ್ನಾಗಿತ್ತು. ಬೆಳಗ್ಗೆ ಹ್ಯಾಂಡಲ್ ತಿರುಗಿಸಿ ರಟ್ಟೆ ಸೋತ ಮೇಲೆ ಶುರುವಾಗುವುದು, ಬಿಸಿಯಾದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವುದು, ಲೋಡಿಟ್ಟು ದಿಬ್ಬ ಏರಿಸಿದರೆ ಮಾತ್ರ ಮುಗ್ಗರಿಸುವುದು. ಆಯಿಲ್ ಕಡ್ಡಿ ಎತ್ತಿ ನೋಡಿದಾಗಲೆಲ್ಲ ಮಟ್ಟ ಇಳಿದಿರುತ್ತಿತ್ತು.

ಪೇಟೆಯಿಂದ ಬಂದ ಮೇಸ್ತ್ರಿ ಸ್ಪ್ಯಾನರ್ ಚೀಲವನ್ನು ಜಗಲಿಯ ಮೇಲಿಟ್ಟು ಎಲೆಯಡಿಕೆ ತಟ್ಟೆ ಎಳೆದುಕೊಂಡರು. “ಹೆಡ್ ಬಿಚ್ಚೋದಾ?” ಎಂದೆ.

“ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ ಹೆಗಡೇರೇ. ಬಿಚ್ಚಿದ್ಮೇಲೆ ಅದು ಮಾತಾಡಲ್ಲ.”

ಈ ಮಾತು ನನಗೆ ತುಂಬ ಹಿಡಿಸಿತು. ಓಡುವ ಎಂಜಿನ್ ಹೊಗೆಯಲ್ಲಿ, ಸದ್ದಿನಲ್ಲಿ, ವಾಸನೆಯಲ್ಲಿ ತನ್ನ ದೂರು ಹೇಳಿಕೊಳ್ಳುತ್ತಿರುತ್ತದೆ. ಹೆಡ್ ಎತ್ತಿದ ಗಳಿಗೆಗೆ ಆ ಸಾಕ್ಷ್ಯವೆಲ್ಲ ನಾಶ. ಗ್ಯಾಸ್ಕೆಟ್ ಮೊದಲೇ ಸೋರುತ್ತಿತ್ತೋ, ನಾವು ಕೀಳುವಾಗ ಹರಿಯಿತೋ ಹೇಳುವವರಿಲ್ಲ.

ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಬಿಳಿ ಹೊಗೆಯೆಂದರೆ ಉರಿಯದ ಡೀಸೆಲ್, ಇಲ್ಲವೇ ಒಳಗೆ ನೀರು. ನಮ್ಮದು ನೀಲಿ ಬೆರೆತ ಹೊಗೆ, ಅಂದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಅದುಮಿದಾಗ ಹುಟ್ಟುವ ಕಾವೇ ಅದರ ಬೆಂಕಿ. ಎಲ್ಲೋ ಗಾಳಿ ಸೋರಿದರೆ ಅಷ್ಟು ಕಾವು ಹುಟ್ಟದು, ಬೆಳಗಿನ ಚಳಿಯಲ್ಲಂತೂ ಹುಟ್ಟುವುದೇ ಇಲ್ಲ. ನಮ್ಮ ರಟ್ಟೆ ಸೋಲುತ್ತಿದ್ದುದಕ್ಕೆ ಕಾರಣ ಜಗಲಿಯಲ್ಲೇ ಅರ್ಧ ಸಿಕ್ಕಿತು.

ಆದರೂ ಮೇಸ್ತ್ರಿ ಒಂದೊಂದನ್ನೇ ಕೇಳುತ್ತ ಹೋದರು. ಡೀಸೆಲ್ ಲೈನಿನ ಸ್ಕ್ರೂ ಸಡಿಲಿಸಿದರು, ಗುಳ್ಳೆ ಬರಲಿಲ್ಲ. ನಾಝಲ್ ಕಳಚಿ ಪೈಪಿಗೆ ಹೊರಗೇ ಸಿಕ್ಕಿಸಿ ತಿರುಗಿಸಿದಾಗ ಡೀಸೆಲ್ ತೊಟ್ಟಿಕ್ಕದೆ ಮಂಜಿನಂತೆ ಸಿಡಿಯಿತು. ಆಗ ನನ್ನ ಕೈಯನ್ನು ಅವರು ತಳ್ಳಿದ್ದು ಸುಮ್ಮನೆ ಅಲ್ಲ; ಚದರ ಸೆಂಟಿಮೀಟರಿಗೆ 200 ಕೆ.ಜಿ. ಆಸುಪಾಸಿನ ಒತ್ತಡದ ಆ ಸಿಂಚನ ಚರ್ಮವನ್ನೇ ತೂರಿ ಒಳಹೋಗಬಲ್ಲದು. ನಾಝಲ್ ಮತ್ತೆ ಕೂರಿಸಿ ಡಿಕಂಪ್ರೆಷನ್ ಲಿವರ್ ಬಿಟ್ಟು ಹ್ಯಾಂಡಲ್ ತಳ್ಳಿದರೆ, ಪುಟಿದು ಹಿಂದಕ್ಕೆ ಬರಬೇಕಾದದ್ದು ಮೆತ್ತಗೆ ಮುಂದಕ್ಕೆ ಜಾರಿತು. ಒಂದು ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು ತಿರುಗಿಸಿದಾಗ ಬಿಗಿಯಾಯಿತು. ವಾಲ್ವ್ ಸೋರುತ್ತಿದ್ದರೆ ಆಯಿಲ್ಲಿನಿಂದ ಏನೂ ಆಗುತ್ತಿರಲಿಲ್ಲ. ಸಿಲಿಂಡರ್ ಅಡ್ಡ ಮಲಗಿರುವ ಎಂಜಿನ್ನಿನಲ್ಲಿ ಆಯಿಲ್ ಕೆಳಬದಿಗೇ ಜಾರುವುದರಿಂದ ಈ ಪರೀಕ್ಷೆಯನ್ನು ಪೂರ್ತಿ ನಂಬಬಾರದು ಎಂದೂ ಸೇರಿಸಿದರು. ಆಯಿಲ್ ಹಾಕುವ ಬಾಯಿಗೆ ಕಿವಿ ಕೊಡಲು ಹೇಳಿ ಮತ್ತೆ ಹ್ಯಾಂಡಲ್ ತಳ್ಳಿದರು. ಒಳಗಿಂದ ‘ಸುಸ್’ ಎಂದಿತು; ಗಾಳಿ ಸೋರುತ್ತಿದ್ದುದು ಪಿಸ್ಟನ್ನಿನ ರಿಂಗು ದಾಟಿ. ಸ್ಪ್ಯಾನರ್ ಚೀಲ ಆಗ ಜಗಲಿಯಿಂದ ಇಳಿಯಿತು.

ಹೆಡ್ ಬಿಚ್ಚಿ, ಸಿಲಿಂಡರಿನ ಒಳಗೋಡೆಯಾದ ಲೈನರಿನಲ್ಲಿ, ಬಾಯಿಯ ಹತ್ತಿರ ಉಗುರು ಆಡಿಸಿದರೆ ಸಣ್ಣ ಮೆಟ್ಟಿಲು ತಗುಲುತ್ತಿತ್ತು. ನಿಮಿಷಕ್ಕೆ 2000 ಸುತ್ತು ಹಾಕುವ ಎಂಜಿನ್ನಿನಲ್ಲಿ ಪಿಸ್ಟನ್ 4000 ಸಲ ದಿಕ್ಕು ಬದಲಿಸಬೇಕು; ಬದಲಿಸುವಾಗ ಕ್ಷಣಮಾತ್ರ ನಿಲ್ಲಬೇಕು. ಮೇಲ್ತುದಿಯಲ್ಲಿ ಕಾವೂ ಹೆಚ್ಚು, ಆಯಿಲ್ಲಿನ ಪದರವೂ ತೆಳು. ಸವೆತ ಅಲ್ಲಿಂದಲೇ ಶುರು. ಮೇಲಿನ ರಿಂಗು ಮಸಿಗಟ್ಟಿ ತನ್ನ ತೋಡಿನಲ್ಲೇ ಅಂಟಿಕೊಂಡಿತ್ತು.

ಸ್ಪೇರ್ ಅಂಗಡಿಯವರಿಗೆ ಇಷ್ಟು ಹೇಳಿದರೆ ಪಿಸ್ಟನ್, ಲೈನರ್ ಸೆಟ್ ಕಟ್ಟಿಕೊಡುತ್ತಾರೆ. ಈಗೀಗ ರಿಪೇರಿಯೆಂದರೆ ಬದಲಿಸುವುದು ಎಂದೇ ಆಗಿಬಿಟ್ಟಿದೆ. ಯಾಕೆ ಸವೆಯಿತು ಎಂಬುದು ಬಿಲ್ಲಿನಲ್ಲಿ ಬರುವುದಿಲ್ಲ. ಮೇಸ್ತ್ರಿ ಮಾತ್ರ ಏರ್ ಕ್ಲೀನರ್ ಬಿಚ್ಚಿದರು. ಅದರ ಬಟ್ಟಲಿನ ಆಯಿಲ್ ಸರಿಯಾಗಿಯೇ ಇತ್ತು. ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಬಗ್ಗಿಸಿದರು. ಕ್ಲಿಪ್ಪಿನ ಅಡಿಯಲ್ಲಿ, ಹೊರಗೆ ಕಾಣದ ಕಡೆ, ಬಿರುಕು. ಒಳಗೆ ಬೆರಳಾಡಿಸಿದರೆ ಮಣ್ಣು ರಸ್ತೆಯ ಕೆಂಪು ಧೂಳು. ಆ ಧೂಳು ಆಯಿಲ್ ಜೊತೆ ಕಲಸಿ ಸಾಣೆ ಹಿಡಿದಂತೆ ಲೈನರನ್ನು ಅರೆದಿತ್ತು. ಅದೇ ಪೈಪನ್ನು ಉಳಿಸಿಕೊಂಡು ಹೊಸ ಸೆಟ್ ಕೂರಿಸಿದ್ದರೆ ಅದಕ್ಕೂ ಅದೇ ಗತಿ.

ಜೋಡಿಸುವ ಕೆಲಸದಲ್ಲಿ ನನಗೆ ಸಿಕ್ಕ ಪಾಲು ವಾಲ್ವ್ ಉಜ್ಜುವುದು. ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ರಬ್ಬರ್ ಬಟ್ಟಲಿನ ಕೋಲು ಅಂಟಿಸಿ, ಅಂಗೈಗಳ ನಡುವೆ ಅತ್ತಿತ್ತ ಹೊರಳಿಸುತ್ತ ಕೂರುವುದು. ಸುತ್ತಲೂ ಒಂದೇ ಸಮನೆ ಬೂದು ಬಣ್ಣದ ಗೆರೆ ಮೂಡುವವರೆಗೂ ಬಿಡುವಂತಿಲ್ಲ. ಆಮೇಲೆ ಹೆಡ್ ಬೋರಲು ಹಾಕಿ ವಾಲ್ವಿನ ಮೇಲೆ ಸೀಮೆಎಣ್ಣೆ ಹುಯ್ದು ಕಾದೆವು, ಕೆಳಗೆ ಪಸೆಯಾಡಲಿಲ್ಲ. ಹೊಸ ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬರೀ ಲೈನರಿನೊಳಗಿಟ್ಟು ಅದರ ಎರಡು ತುದಿಗಳ ನಡುವೆ ಫೀಲರ್ ಗೇಜ್ ತೂರಿಸಿದರು. ಈ ಅಳತೆಗೆ ಮಿಲಿಮೀಟರಿನ ಮೂರನೆಯ ಒಂದರಷ್ಟು ಸಂದು ಬೇಕು. ಸಂದಿಲ್ಲದಿದ್ದರೆ ಕಾವಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಗುದ್ದಿ ಲೈನರನ್ನೇ ಗೀರುತ್ತವೆ. ರಿಂಗುಗಳ ಬಾಯಿ ಒಂದೇ ಸಾಲಿಗೆ ಬರದಂತೆ ತಿರುಗಿಸಿಟ್ಟು, ಹೆಡ್ ಬೋಲ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿದರು. ಹೊಸ ರಬ್ಬರ್ ಪೈಪೂ ಬಂತು.

ಹ್ಯಾಂಡಲ್ ಈಗ ಪುಟಿದು ಬಂತು. ಒಂದಿಷ್ಟು ಬಿಳಿ ಹೊಗೆ ಉಗುಳಿ ಟಿಲ್ಲರ್ ಶುರುವಾಯಿತು. ಸ್ವಲ್ಪ ದಿನ ದಮ್ಮು ಕಟ್ಟಿಸಿ ಓಡಿಸಬೇಡಿ, ಹೊಸ ರಿಂಗು ಲೈನರಿಗೆ ಒಗ್ಗುವಾಗ ಉದುರುವ ಲೋಹದ ಪುಡಿ ಆಯಿಲ್ಲಿಗೆ ಸೇರುತ್ತದೆ, ಮೊದಲ ಆಯಿಲ್ ಬೇಗ ಬದಲಿಸಿ ಎಂದು ಮೇಸ್ತ್ರಿ ಹೇಳುತ್ತಿರುವಾಗಲೇ ಸದ್ದು ಕೇಳಿ ಆಚೆಮನೆ ಭಟ್ಟರು ಬಂದರು.

“ಸರಿಯಾಯ್ತಲ್ಲ! ನಾಳೆ ನಮ್ಮ ತೋಟಕ್ಕೆ ನಾಲ್ಕು ಲೋಡು ಗೊಬ್ಬರ ಹೊಡೆದುಬಿಡುವ.”

“ರಿಂಗು ಇನ್ನೂ ಕೂತಿಲ್ಲ ಭಟ್ರೇ,” ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಅಂದರು. “ಅರ್ಧ ಲೋಡಿಗಿಂತ ಜಾಸ್ತಿ ಹಾಕಂಗಿಲ್ಲ.”

“ಅದಕ್ಕೇನಂತೆ, ಎಂಟು ಟ್ರಿಪ್ ಹೊಡೆದರಾಯ್ತು.”