ಹಿತ್ತಿಲಿನ ಅತಿಥಿಗಳು

ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರ ತೆಗೆಯುತ್ತ ಬಾಳಿದ ಊರು ಮೂಡಿಗೆರೆ. ಇಲ್ಲಿಯ ನಮ್ಮ ಶಾಲೆಯ ಹಿತ್ತಿಲಿಗೂ ಹಕ್ಕಿಗಳನ್ನು ಕರೆಯೋಣವೆಂದು ಬಾಲಿಕೆಯರು ತೆಂಗಿನ ಕರಟಗಳನ್ನು ಹುರಿಯಿಂದ ತೂಗಹಾಕಿ, ಭತ್ತವನ್ನೂ ಮಾಗಿದ ಬಾಳೆಹಣ್ಣನ್ನೂ ಇಟ್ಟರು. ಹಣ್ಣಿಗೆ ಪಿಕಳಾರಗಳು ಮರುದಿನವೇ ಬಂದವು. ಭತ್ತವು ಬಹುಪಾಲು ಅಳಿಲುಗಳಿಗೆ ಸಂದಿತು. ಉಪ್ಪು ಬೆರೆತ ಅನ್ನವನ್ನು ನಾವು ಇಡಗೊಡುವುದಿಲ್ಲ. ಕೊಳೆತ ಹಣ್ಣು ರೋಗಕ್ಕೆ ಮೂಲವಾದುದರಿಂದ ಕರಟಗಳನ್ನು ದಿನವೂ ತೊಳೆಯಿಸುತ್ತೇವೆ.

ಆದರೆ ಮಾಘ ಫಾಲ್ಗುಣಗಳಲ್ಲಿ ಬೇಲಿಯ ಹಾಲುವಾಣವು ಎಲೆಯುದುರಿಸಿ ಕೆಂಪಗೆ ಹೂತಿತೆಂದರೆ ನಮ್ಮ ಕರಟಗಳನ್ನು ಕೇಳುವವರೇ ಇಲ್ಲ! ಗೊರವಂಕ, ಕಾಜಾಣ, ಸೂರಕ್ಕಿಗಳೆಲ್ಲವೂ ಮಕರಂದಕ್ಕೆಂದು ಅಲ್ಲಿಯೇ ನೆರೆಯುತ್ತವೆ. ಈ ಮರವನ್ನು ಕಡಿದು ಸಿಲ್ವರ್ ಓಕ್ ನೆಡಬೇಕು, ಅದರ ಮೋಪಿಗೆ ಬೆಲೆಯುಂಟು ಎಂಬುದು ಕೆಲವು ಹಿರಿಯರ ಸಲಹೆ. ಮುಂದಿನ ಹೂವಿನ ಕಾಲದಲ್ಲಿ ತಾವೇ ಬಂದು ಒಂದು ಮುಂಜಾನೆ ಇಲ್ಲಿ ನಿಂತು ನೋಡಿ, ಆಮೇಲೆ ಕೊಡಲಿಯ ಮಾತೆತ್ತಬೇಕೆಂದು ನಾವು ಅವರನ್ನು ಬೇಡಿಕೊಂಡಿದ್ದೇವೆ.